ಕುಟುಂಬದ ವಾಹನಕ್ಕೆ ಟ್ರೇಲರ್: ತಂತಿ, ಬ್ರೇಕ್ ಹಾಗೂ ಬಿಲ್ಲು

ಗಿರಿನಗರದ ಸಣ್ಣ ತಯಾರಕರೊಬ್ಬರು ಮನೆಮಂದಿ ಬಳಸುವ ಎಂಟು ಆಸನಗಳ ವಾಹನಕ್ಕೆ ಟ್ರೇಲರ್ ಕಟ್ಟಿ ಪೀಣ್ಯಕ್ಕೆ ಸರಕು ಸಾಗಿಸಬಯಸುತ್ತಾರೆಂದು ಇಟ್ಟುಕೊಳ್ಳಬಹುದು. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವ ಮುನ್ನ ಅವರು ನೋಡಬೇಕಾದುದು ವಾಹನದ ಕೈಪಿಡಿಯನ್ನು. ಎಳೆಯಬಹುದಾದ ತೂಕದ ಮಿತಿ ಅದರಲ್ಲಿ ನಮೂದಾಗಿರದಿದ್ದರೆ ಯೋಜನೆಯನ್ನು ಅಲ್ಲಿಗೇ ಕೈಬಿಡುವುದು ಲೇಸು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಮೂದಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಕಲಂ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಟ್ರೇಲರ್ ಸಹ ಕಾನೂನಿನ ದೃಷ್ಟಿಯಲ್ಲಿ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು. ವಿಮಾ ಕಂಪನಿಗೆ ತಿಳಿಸದೆ ಜೋಡಿಸಿದಲ್ಲಿ ಅಪಘಾತದ ನಂತರ ಪರಿಹಾರದ ಕೋರಿಕೆ ತಿರಸ್ಕೃತವಾದೀತು.

ತಂತಿ ಜೋಡಣೆಯಲ್ಲಿ ಅಗ್ಗದ ದಾರಿಯೆಂದರೆ ವಾಹನದ ಹಿಂದೀಪದ ತಂತಿಯನ್ನೇ ಸುಲಿದು ಟ್ರೇಲರಿಗೆ ಕೊಡುವುದು. ಆ ತಂತಿ ಅಷ್ಟು ಹೊರೆಗೆ ಮಾಡಿದ್ದಲ್ಲ. ಬ್ಯಾಟರಿಯಿಂದ ಫ್ಯೂಸ್ ಸಹಿತ ಪ್ರತ್ಯೇಕ ತಂತಿ ಎಳೆದು, ದೀಪದ ತಂತಿಯಿಂದ ರಿಲೇಗೆ ಸಂಕೇತ ಮಾತ್ರ ಪಡೆಯಬೇಕು. ವಿದ್ಯುತ್ ಬ್ರೇಕಿನ ಟ್ರೇಲರಾದರೆ ನಿಯಂತ್ರಕವೂ ಅಗತ್ಯ. ಅಮೆರಿಕದಲ್ಲಿ ಇದು ಸಾಮಾನ್ಯ ವಸ್ತು. ಚಾಲಕ ಪೆಡಲ್ ಒತ್ತಿದೊಡನೆ ಅದು ಟ್ರೇಲರಿನ ಚಕ್ರಗಳಲ್ಲಿರುವ ವಿದ್ಯುತ್ಕಾಂತಗಳಿಗೆ ವಿದ್ಯುತ್ ಹರಿಸುತ್ತದೆ. ಇದಿಲ್ಲದಿದ್ದರೆ ಹಿಂದಿನ ಭಾರವೆಲ್ಲ ಮುಂದಿನ ವಾಹನವನ್ನು ನೂಕುತ್ತದೆ.

ಬಿಲ್ಲಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಚಾಲಕನೂ ಸೇರಿ 13 ಮಂದಿ ಮೀರದ ಪ್ರಯಾಣಿಕ ವಾಹನಕ್ಕೂ ಅದರ ದುರಸ್ತಿ, ನಿರ್ವಹಣೆ, ವಿಮೆಗೂ ತೆತ್ತ ಜಿಎಸ್‌ಟಿಯ ಹೂಡುವಳಿ ಜಮೆಯನ್ನು 17(5)ನೇ ಕಲಂ ಸಾಮಾನ್ಯವಾಗಿ ತಡೆಯುತ್ತದೆ. ವ್ಯಾಪಾರದ ಸರಕು ಸಾಗಿಸುವ ಟ್ರೇಲರಿಗೆ ಈ ತಡೆಯಿಲ್ಲ. ಆದುದರಿಂದ ಟ್ರೇಲರಿನ ಬಿಲ್ಲನ್ನು ಕಾರಿನ ಕೆಲಸದ ಬಿಲ್ಲಿನೊಡನೆ ಬೆರೆಸದೆ, ಸಂಸ್ಥೆಯ ಹೆಸರಿನಲ್ಲಿ ಪ್ರತ್ಯೇಕವಾಗಿ ಪಡೆಯತಕ್ಕದ್ದು.