ಪಾತ್ರದ ಮಾತು ಯಾರ ಖಾತೆಗೆ?

ಪುಣೆಯ ಸಂಭಾಜಿ ಉದ್ಯಾನದಲ್ಲಿದ್ದ ರಾಮ ಗಣೇಶ ಗಡಕರಿಯವರ ಪ್ರತಿಮೆಯನ್ನು 2017ರ ಜನವರಿ 3ರಂದು ಸಂಭಾಜಿ ಬ್ರಿಗೇಡಿನವರು ಕಿತ್ತು ಮುಠಾ ನದಿಗೆ ಎಸೆದರು. ಗಡಕರಿ ತೀರಿಕೊಂಡದ್ದು 1919ರಲ್ಲಿ! ಇಷ್ಟು ವರ್ಷಗಳ ಮೇಲೆ ಅವರ ಮೇಲೆ ಬಂದ ಆರೋಪ ಏನಪ್ಪಾ ಅಂದರೆ, 'ರಾಜಸಂನ್ಯಾಸ' ನಾಟಕದಲ್ಲಿ ಅವರು ಸಂಭಾಜಿ ಮಹಾರಾಜರಿಗೆ ಅವಮಾನ ಮಾಡಿದ್ದಾರೆ ಎಂಬುದು.

ಮರಾಠಿ ಕವಿಯ ಉಸಾಬರಿ ಕನ್ನಡದ ವಿದ್ಯಾರ್ಥಿಗಳಾದ ನಮಗೇಕೆ? ಆ ಅಳತೆಗೋಲು ಸರಿ ಅಂತ ಒಪ್ಪಿಕೊಂಡರೆ ನಾಳೆ ನಮ್ಮ ಕವಿಗಳಿಗೂ ಉಳಿಗಾಲವಿಲ್ಲ, ಅದಕ್ಕೆ.

'ಗೋವಿಂದಾಗ್ರಜ' ಎಂಬ ಹೆಸರಿನಿಂದ ಕವಿತೆ ಬರೆದ ಗಡಕರಿ ಬದುಕಿದ್ದು 33 ವರ್ಷ ಮಾತ್ರ. 'ರಾಜಸಂನ್ಯಾಸ' ಅಪೂರ್ಣವಾಗಿಯೇ ಉಳಿಯಿತು. ಅರ್ಧ ಬರೆದ ಲೆಕ್ಕದ ಪುಸ್ತಕ ನೋಡಿ ಲಾಭ-ನಷ್ಟ ಹೇಳಬಾರದೆಂದು ಕಾಮರ್ಸ್ ಓದುವ ನಮಗೆ ಮೊದಲೇ ಕಲಿಸುತ್ತಾರೆ.

ಎರಡನೆಯದಾಗಿ, ಪಾತ್ರದ ಮಾತನ್ನು ಕವಿಯ ಖಾತೆಗೆ ಬರೆಯಬಾರದು. ಅವರದೇ 'ಏಕಚ್ ಪ್ಯಾಲಾ' ನಾಟಕದಲ್ಲಿ ತಳೀರಾಮ ಹೆಂಡವನ್ನು ಹೊಗಳುತ್ತಾನೆ, ಕುಡುಕರ ಮಂಡಳಿಯನ್ನೇ ಕಟ್ಟುತ್ತಾನೆ. ಹಾಗಂತ ಗಡಕರಿ ಕುಡಿತದ ಪರವೇ? ಸುಧಾಕರ, ಸಿಂಧು ಇವರ ಸಂಸಾರ ಮಣ್ಣುಗೂಡಿದ್ದನ್ನು ತೋರಿಸಿದ ನಾಟಕ ಅದು. ನಮ್ಮ ಕುಮಾರವ್ಯಾಸನಲ್ಲಿ ದುಶ್ಶಾಸನ ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಬಾಯಿಗೆ ಬಂದಂತೆ ಅನ್ನುತ್ತಾನೆ. ಆ ಪಾಪ ಕುಮಾರವ್ಯಾಸನದೇನು?

ಸಂಭಾಜಿ ಅಭಿಮಾನಿಗಳ ನೋವು ಸುಳ್ಳಲ್ಲ. 1689ರಲ್ಲಿ ಔರಂಗಜೇಬನ ಕೈಯಲ್ಲಿ ಹತರಾದ ಸಂಭಾಜಿಯವರ ಹೆಸರಿಗೆ ನೂರು ವರ್ಷ ಕಳೆದ ಮೇಲೆ ಬರೆದ ಚಿಟ್ನೀಸ ಬಖರ್ ಮಸಿ ಬಳಿಯಿತು. ನಾಟಕಕಾರರು ಅಂಥ ಕಥೆಗಳನ್ನೇ ನಂಬಿದರು. ಗಡಕರಿಯವರ ಇತಿಹಾಸ ತಪ್ಪೆಂದು ಯಾರಾದರೂ ಬರೆದರೆ ನನ್ನ ತಕರಾರಿಲ್ಲ. ಆದರೆ ಇತಿಹಾಸಕಾರ ವಾ. ಸೀ. ಬೇಂದ್ರೆಯವರು ದಾಖಲೆಗಳನ್ನು ಹುಡುಕಿ ಬರೆದ ಸಂಭಾಜಿ ಚರಿತ್ರೆ ಬಂದದ್ದು 1960ರಲ್ಲಿ. 1960ರ ವೋಚರ್ ಹಿಡಿದುಕೊಂಡು 1919ರ ಲೆಕ್ಕದಲ್ಲಿ ಮೋಸ ಇದೆ ಅನ್ನುವುದು ಯಾವ ನ್ಯಾಯ? ಆಗ ತಿಳಿದಷ್ಟರಲ್ಲಿ ಬರೆದದ್ದು ತಪ್ಪಾಗಿರಬಹುದು, ದ್ರೋಹ ಮಾತ್ರ ಅಲ್ಲ.

ಒಂದು ಮಾತನ್ನು ನಾವು ಗಮನಿಸಬೇಕು. ಸತ್ತ ಮೇಲೆ ಅಪವಾದ ಹೊತ್ತವರು ಇಲ್ಲಿ ಇಬ್ಬರು: ಸಂಭಾಜಿ ಮತ್ತು ಗಡಕರಿ. 'ಬುಧಭೂಷಣ' ಎಂಬ ಸಂಸ್ಕೃತ ಕೃತಿ ಸಂಭಾಜಿಯವರ ಹೆಸರಿನಲ್ಲೇ ಇದೆ, ಅಂದರೆ ಅವರೂ ಸರಸ್ವತಿಯ ಮಕ್ಕಳೇ. ಅವರ ಹೆಸರನ್ನು ತೊಳೆದುಕೊಟ್ಟದ್ದು ಒಂದು ಪುಸ್ತಕ. ಅದಕ್ಕಾಗಿ ವಾ. ಸೀ. ಬೇಂದ್ರೆಯವರು ಯಾರ ಪ್ರತಿಮೆಯನ್ನೂ ಕೀಳಲಿಲ್ಲ. ವರ್ಷಗಟ್ಟಲೆ ಕೂತು ಹಳೆಯ ಕಾಗದ ಓದಿದರು, ಅಷ್ಟೆ.