ಗಂಡಿಲ್ಲದ ಹಕ್ಕಿ ಮೇಲಿಂದ ಮೇಲೆ ತತ್ತಿ ಇಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಮಹಾಲಿಂಗಪುರ. ಮನೆಯಲ್ಲೇ 2 ಪವರ್‌ಲೂಮ್ ಇವೆ, ರಾತ್ರಿ 11ರ ತನಕ ನಡೆಯುತ್ತವೆ. ಮಗಳು ಹಟ ಮಾಡಿದ್ದಕ್ಕೆ 3 ವರ್ಷದ ಹಿಂದೆ ಒಂದು ಕಾಕಟೀಲ್ ಹಕ್ಕಿ ತಂದೆವು. ಗಂಡೆಂದೇ ತಿಳಿದಿದ್ದೆವು, ಈ ಯುಗಾದಿಯ ಮರುದಿನ ತತ್ತಿ ಇಟ್ಟಿತು. ನಮ್ಮದು ತತ್ತಿ ಮುಟ್ಟದ ಮನೆ. ಅತ್ತೆಯವರು ‘ಗಂಡಿಲ್ಲದ ಹಕ್ಕಿ ತತ್ತಿ ಇಟ್ಟರ ಮನಿಗೆ ಛಲೋ ಅಲ್ಲ’ ಅಂತ ಅವತ್ತೇ ತೆಗೆಸಿ ಹೊರಗೆ ಹಾಕಿಸಿದರು. ತೆಗೆದಷ್ಟೂ ಇಡುತ್ತಲೇ ಇದೆ. ಇವತ್ತಿಗೆ 17 ಆದವು. ನಿನ್ನೆ ಇಟ್ಟದ್ದು ಇನ್ನೂ ಪಂಜರದಲ್ಲೇ ಇದೆ. ಅಂಗಡಿಯವರು ಗಂಡು ತಂದು ಜೋಡಿ ಮಾಡಿ ಅನ್ನುತ್ತಾರೆ. ಹಕ್ಕಿ ಸೊರಗಿದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಮೊದಲು ನಿಮ್ಮ ಅತ್ತೆಯವರಿಗೆ ಒಂದು ಮಾತು ಹೇಳಿ. ಗಂಡಿಲ್ಲದೆ ತತ್ತಿ ಇಡುವುದು ಹೆಣ್ಣುಹಕ್ಕಿಯ ಮೈಗುಣ. ಕೋಳಿ ಫಾರ್ಮಿನಲ್ಲಿ ಹುಂಜವಿಲ್ಲದೆಯೇ ಕೋಳಿಗಳು ಇಡುವುದಿಲ್ಲವೇ, ಹಾಗೆಯೇ ಇದು. ಆ ತತ್ತಿಯಲ್ಲಿ ಮರಿ ಇಲ್ಲ, ಅದರಿಂದ ಮನೆಗೆ ಯಾವ ಕೇಡೂ ಇಲ್ಲ. ಕೇಡು ಆಗುತ್ತಿರುವುದು ಆ ಹಕ್ಕಿಗೆ.

ಕಾಕಟೀಲ್ ತೂಗುವುದು 80ರಿಂದ 100 ಗ್ರಾಂ. ಅದರ ತತ್ತಿ ಸುಮಾರು 5 ಗ್ರಾಂ. ಹದಿನೇಳರ ಲೆಕ್ಕ ಹಾಕಿ ನೋಡಿ, ನಿಮ್ಮ ಹಕ್ಕಿ ಹೆಚ್ಚುಕಡಿಮೆ ತನ್ನ ಮೈತೂಕದಷ್ಟನ್ನು ಹೊರಗೆ ಹಾಕಿದೆ. ಪ್ರತಿ ತತ್ತಿಯ ಚಿಪ್ಪಿಗೂ ಸುಣ್ಣದ ಅಂಶ ಬೇಕು. ತಿಂದದ್ದರಲ್ಲಿ ಸಾಲದಿದ್ದರೆ ಅದು ತನ್ನ ಎಲುಬಿನಿಂದಲೇ ಕೊಡುತ್ತದೆ. ಸೊರಗಿರುವುದಕ್ಕೆ ಇದೇ ಕಾರಣವಿರಬಹುದು.

ತತ್ತಿ ತೆಗೆದದ್ದೇ ಆದ ತಪ್ಪು. ಕಾಕಟೀಲ್ ಒಂದು ದಿನ ಬಿಟ್ಟು ಒಂದು ದಿನದಂತೆ 4ರಿಂದ 7 ತತ್ತಿ ಇಟ್ಟು, ಸಾಕೆನಿಸಿದಾಗ ನಿಲ್ಲಿಸಿ ಕಾವಿಗೆ ಕೂರುತ್ತದೆ. ನಡುವೆ ಕಡಿಮೆಯಾದರೆ ಆ ಸಂಖ್ಯೆ ತುಂಬಲು ಮತ್ತೆ ಇಡುತ್ತದೆ. ಆದ್ದರಿಂದ ನಿನ್ನೆಯದನ್ನು ಮುಟ್ಟಬೇಡಿ. ಇನ್ನು ಮುಂದೆ ಇಡುವುದನ್ನೂ ಪಂಜರದ ತಳದಲ್ಲಿ ಇಟ್ಟಲ್ಲೇ ಬಿಡಿ. ಪೆನ್ಸಿಲಿನಿಂದ ತಾರೀಖು ಬರೆದರೆ ಸಾಕು, ಒಡೆದದ್ದನ್ನು ಮಾತ್ರ ತೆಗೆಯಿರಿ. ಸುಮಾರು 3 ವಾರ ಕೂತು, ಇವು ಮರಿಯಾಗವು ಎಂದು ತಿಳಿದು ತಾನೇ ಎದ್ದು ಹೋಗುತ್ತದೆ. ಆಮೇಲೆ ತೆಗೆದರೆ ಅದು ಹುಡುಕುವುದಿಲ್ಲ. ಅತ್ತೆಯವರಿಗೆ ನೋಡುವುದೇ ಕಷ್ಟವಾದರೆ ಅದೇ ಅಳತೆಯ ಪ್ಲಾಸ್ಟಿಕ್ ತತ್ತಿ ಸಿಗುತ್ತವೆ. ಒಂದೊಂದಾಗಿ ಬದಲಿಸಿಡಿ.

ಇಷ್ಟೇ ಮಾಡಿದರೆ ಈ ಸರದಿ ಮುಗಿಯುತ್ತದೆ, ಆದರೆ ಮುಂದಿನದು ಬರುತ್ತದೆ. ಅದನ್ನು ತಡೆಯಲು ಹಕ್ಕಿಗೆ ನಿಮ್ಮ ಮನೆ ಹೇಗೆ ಕಾಣುತ್ತಿದೆ ಎಂದು ಯೋಚಿಸಬೇಕು. ಕಾಕಟೀಲ್‌ನ ಮೂಲ ಊರು ಆಸ್ಟ್ರೇಲಿಯಾದ ಒಣ ಬಯಲು. ಅಲ್ಲಿ ಮಳೆಯಾಗಿ ಹುಲ್ಲಿನ ಕಾಳು ಹೇರಳವಾದಾಗ ಅವು ಮರದ ಪೊಟರೆ ಹುಡುಕಿ ಮರಿ ಮಾಡುತ್ತವೆ. ನಮ್ಮ ರೈತರು ಹದ ನೋಡಿ ಬಿತ್ತುವ ಹಾಗೆಯೇ. ಉದ್ದ ಹಗಲು, ತುಂಬಿದ ಬಟ್ಟಲು, ಕತ್ತಲ ಮೂಲೆ, ಜೊತೆಗಾರ, ಈ ನಾಲ್ಕೂ ಸಿಕ್ಕರೆ ಅದಕ್ಕೆ ಹದ ಬಂದಂತೆ. ನಿಮ್ಮ ಮನೆಯಲ್ಲಿ ನಾಲ್ಕೂ ವರ್ಷವಿಡೀ ಇರಬಹುದು.

ನನ್ನ ಮಟ್ಟಿಗೆ ಇದರಲ್ಲಿ ದೊಡ್ಡದು ಬೆಳಕು. ನಮ್ಮ ಕಡೆ ಡಿಸೆಂಬರಿನ ಹಗಲು ಸುಮಾರು 11 ತಾಸು, ಜೂನಿನದು ಸುಮಾರು 13. ಆದರೆ ಬೆಳಿಗ್ಗೆ 6ಕ್ಕೆ ಎದ್ದು ರಾತ್ರಿ 11ರವರೆಗೆ ಮಗ್ಗದ ಟ್ಯೂಬ್‌ಲೈಟ್ ನೋಡುವ ಹಕ್ಕಿಗೆ ಹಗಲು 17 ತಾಸಿನದು. ರಬಕವಿ, ಬನಹಟ್ಟಿ, ಮಹಾಲಿಂಗಪುರದ ನೇಕಾರರ ಮನೆಗಳಲ್ಲಿ ದುಡಿಮೆ ನಿಲ್ಲಿಸಿ ಎಂದು ಯಾರೂ ಹೇಳಲಾರರು. ಪಂಜರವನ್ನೇ ಒಳಕೋಣೆಗೆ ಒಯ್ಯಿರಿ. ಸಂಜೆ ಆರೂವರೆಗೆ ಅಲ್ಲಿ ದೀಪ ಆರಲಿ, ಬೆಳಿಗ್ಗೆ ಏಳೂವರೆಯವರೆಗೆ ಕತ್ತಲಿರಲಿ. ದಿನಕ್ಕೆ 12ರಿಂದ 14 ತಾಸು ಕತ್ತಲೆ, ನಿಶ್ಶಬ್ದ ಬೇಕು. ದಪ್ಪ ಚಾದರ ಹೊದಿಸಬೇಡಿ, ನಮ್ಮ ಬೇಸಿಗೆಗೆ ಒಳಗೆ ಉಸಿರು ಕಟ್ಟುತ್ತದೆ. ತೆಳುವಾದ ಕಪ್ಪು ಅರಿವೆಯನ್ನು ಮೂರು ಕಡೆ ಇಳಿಬಿಟ್ಟರೆ ಸಾಕು. ಈ ಜಾತಿ ಗಾಢ ಕತ್ತಲಲ್ಲಿ ಬೆಚ್ಚಿ ರೆಕ್ಕೆ ಬಡಿದು ಗಾಯ ಮಾಡಿಕೊಳ್ಳುವುದುಂಟು. ಹಾಗಾದರೆ ಬಾಗಿಲ ಸಂದಿಯಿಂದ ಮಂದ ಬೆಳಕು ಬೀಳಲಿ.

ಹೊರಗೆ ಬಿಟ್ಟಾಗ ಎಲ್ಲಿ ನುಸುಳುತ್ತದೆ ನೋಡಿ. ನೂಲಿನ ಬುಟ್ಟಿ, ರಟ್ಟಿನ ಡಬ್ಬಿ, ಕಪಾಟಿನ ಕೆಳಗೆ, ಇವೆಲ್ಲ ಅದಕ್ಕೆ ಪೊಟರೆ. ಮುಚ್ಚಿ. ನೂಲಿನ ಎಳೆ ಕಾಲಿಗೆ ಸುತ್ತಿಕೊಂಡರೆ ಕಾಲೇ ಹೋದೀತು. ಕನ್ನಡಿ ಇದ್ದರೆ ತೆಗೆಯಿರಿ, ಅದರೊಳಗಿನ ಹಕ್ಕಿ ಅದಕ್ಕೆ ಜೊತೆಗಾರ. ಮಗಳು ಬೆನ್ನು, ಬಾಲದ ಬುಡ, ರೆಕ್ಕೆಯ ಕೆಳಗೆ ಸವರುತ್ತಿದ್ದರೆ ನಿಲ್ಲಿಸಲು ಹೇಳಿ. ಅದು ಹಕ್ಕಿಗೆ ಕೂಡುವ ಸಂಜ್ಞೆ. ಕೂಸಿಗೆ ಗದರಬೇಡಿ, ಅದರದೇನೂ ತಪ್ಪಿಲ್ಲ. ತಲೆ, ಕೆನ್ನೆ ಕೆರೆಯಲಿ, ಮಾತಾಡಿಸಲಿ. ಗಂಡು ತರುವುದಂತೂ ಬೇಡವೇ ಬೇಡ. ತಂದರೆ ತತ್ತಿ ನಿಲ್ಲುವುದಿಲ್ಲ, ಮರಿಗಳೂ ಬರುತ್ತವೆ.

ಊಟದಲ್ಲಿ ಸೂರ್ಯಕಾಂತಿ, ಕುಸುಬಿಯಂಥ ಎಣ್ಣೆಕಾಳು ತಗ್ಗಿಸಿ ನವಣೆ, ಸಜ್ಜೆ ಹೆಚ್ಚಿಸಿ. ಬದಲಾವಣೆ ಮೆಲ್ಲಗಿರಲಿ, ಕಾವಿಗೆ ಕೂತ ಹಕ್ಕಿಯನ್ನು ಉಪವಾಸ ಕೆಡವಬೇಡಿ. ಬಿಸಿಬಿಸಿ ಮೆತ್ತನೆಯ ಅನ್ನ ಬೇಡ. ನುಗ್ಗೆಸೊಪ್ಪು, ಮೆಂತ್ಯಸೊಪ್ಪು ಕೊಡಿ. ಪಾಲಕ್ ಬೇಡ, ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಬೆಲ್ಲದ ಪೇಟೆಯವರು ನೀವು, ಹಕ್ಕಿಗೂ ಪ್ರೀತಿಯಿಂದ ಚೂರು ಬೆಲ್ಲ ಕೊಡುತ್ತಿದ್ದರೆ ಬಿಟ್ಟುಬಿಡಿ. ಕ್ಯಾಲ್ಸಿಯಂಗೆ ಕಟಲ್‌ಬೋನ್ ಕಟ್ಟಿ. ಅದು ಕಡಲಜೀವಿಯ ಚಿಪ್ಪು. ಮನೆಯಲ್ಲಿ ಒಪ್ಪದಿದ್ದರೆ ಮಿನರಲ್ ಬ್ಲಾಕ್ ಸಿಗುತ್ತದೆ. ಎಲೆಅಡಿಕೆಯ ಸುಣ್ಣವನ್ನು ಮಾತ್ರ ಎಂದೂ ಕೊಡಬೇಡಿ, ಬಾಯಿ, ಗಂಟಲು ಸುಡುತ್ತದೆ. ಬೆಳಗಿನ ಎಳೆಬಿಸಿಲು ಅರ್ಧ ತಾಸು ನೇರವಾಗಿ ಬೀಳಲಿ, ಕಿಟಕಿಯ ಗಾಜಿನ ಹಿಂದಿನದು ಉಪಯೋಗವಿಲ್ಲ. ಪಕ್ಕದಲ್ಲಿ ನೆರಳಿರಲಿ, ಬೆಕ್ಕಿನ ಮೇಲೆ ಕಣ್ಣಿರಲಿ.

ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಹಕ್ಕಿ ಗರಿ ಉಬ್ಬಿಸಿ ಪಂಜರದ ತಳದಲ್ಲಿ ಕೂತು, ಕಾಲು ಅಗಲಿಸಿ ತಿಣುಕುತ್ತಿದ್ದರೆ, ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಕಾಲು ಸೋತರೆ, ತತ್ತಿ ಒಳಗೆ ಸಿಕ್ಕಿದೆ ಎಂದು ತಿಳಿಯಿರಿ. ಕೆಲವೇ ತಾಸುಗಳಲ್ಲಿ ಜೀವ ಹೋಗಬಹುದು. ಹೊಟ್ಟೆ ಒತ್ತಬೇಡಿ, ಎಣ್ಣೆ ಹಾಕಿ ಎಳೆಯಬೇಡಿ. ಬಿಸಿನೀರಿನ ಬಾಟಲಿಗೆ ಅರಿವೆ ಸುತ್ತಿ ಡಬ್ಬಿಯ ಒಂದು ಬದಿಗಿಟ್ಟು, ಒಳಗೆ ಸುಮಾರು 30 ಡಿಗ್ರಿ ಕಾವಿರುವಂತೆ ನೋಡಿಕೊಂಡು ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ. ಬೆಳಗಾಗಲಿ ಎಂದು ಕಾಯಬೇಡಿ.

ನಮ್ಮ ತಾಲ್ಲೂಕುಗಳ ಆಸ್ಪತ್ರೆಗಳು ಹೆಚ್ಚಾಗಿ ದನಕರುಗಳನ್ನು ನೋಡುವಂಥವು. ಹಕ್ಕಿ ನೋಡುವ ವೈದ್ಯರು ಯಾರೆಂದು ಈಗಲೇ ವಿಚಾರಿಸಿ, ನಂಬರ್ ಬರೆದಿಟ್ಟುಕೊಳ್ಳಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿಯೂ ಕೇಳಬಹುದು. 17 ತತ್ತಿ ಇಟ್ಟು ಸೊರಗಿದ ಹಕ್ಕಿಯನ್ನು ಈ ವಾರದಲ್ಲೇ ಒಮ್ಮೆ ತೋರಿಸುವುದು ಒಳ್ಳೆಯದು. ಮನೆಯ ಬದಲಾವಣೆಯಿಂದ ನಿಲ್ಲದಿದ್ದರೆ ಲ್ಯುಪ್ರೊಲೈಡ್ ಎಂಬ ಹಾರ್ಮೋನ್ ಇಂಜೆಕ್ಷನ್ ಇದೆ, ಚರ್ಮದಡಿ ಇಡುವ ಡೆಸ್ಲೊರೆಲಿನ್ ಇದೆ. ಅದನ್ನು ವೈದ್ಯರೇ ನಿರ್ಧರಿಸಬೇಕು. ಬೆಳಕು ಹಾಗೇ ಉರಿಯುತ್ತಿದ್ದರೆ ಔಷಧದ ಗುಣ ಇಳಿದಂತೆ ತತ್ತಿ ಮತ್ತೆ ಬರುತ್ತದೆ. ವಾರಕ್ಕೊಮ್ಮೆ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡಿ, ಹತ್ತರಲ್ಲಿ ಒಂದು ಪಾಲು ಇಳಿದರೆ ವೈದ್ಯರಿಗೆ ತಿಳಿಸಿ.

ಇವೆಲ್ಲಕ್ಕೂ ಮುಂಚೆ, ಇವತ್ತು ಸಂಜೆ ಆರೂವರೆಗೆ, ನಿನ್ನೆಯ ತತ್ತಿ ಹಾಗೇ ಇರುವಂತೆ ಪಂಜರವನ್ನು ಮೆಲ್ಲಗೆ ಎತ್ತಿ ಒಳಕೋಣೆಗೆ ಒಯ್ದಿಡಿ.