ಚಿಕ್ಕ ವಿದ್ಯುತ್ ಕಾರಿನ ಬುಕಿಂಗ್: ಆಯ್ಕೆ ಕಡಿಮೆ, ಲೆಕ್ಕ ಹೆಚ್ಚು

ಚಿಕ್ಕ ವಿದ್ಯುತ್ ಕಾರು ಕೊಳ್ಳುವವರ ಮುಂದಿರುವ ಪಟ್ಟಿ ಎಂದೂ ಉದ್ದವಾಗಿರಲಿಲ್ಲ. 2001ರಲ್ಲಿ ಬೆಂಗಳೂರಿನ ರೇವಾ ಮಾರುಕಟ್ಟೆಗೆ ಬಂದಾಗ ಸಿಗುತ್ತಿದ್ದುದು ಲೆಡ್-ಆಸಿಡ್ ಬ್ಯಾಟರಿಯ, ಎರಡು ಬಾಗಿಲಿನ ಪುಟ್ಟ ಕಾರು. 2013ರಲ್ಲಿ ಅದರ ಮುಂದುವರಿಕೆಯಾಗಿ ಲಿಥಿಯಂ ಬ್ಯಾಟರಿಯ ಮಹೀಂದ್ರ ಇ2ಒ ಬಂತು. ಹತ್ತು ಲಕ್ಷದ ಆಸುಪಾಸಿನಲ್ಲಿ ಹೋಲಿಸಿ ನೋಡಲು ಒಂದಕ್ಕಿಂತ ಹೆಚ್ಚು ಹೊಸ ಕಾರು ಸಿಕ್ಕಿದ್ದು 2022ರ ಸೆಪ್ಟೆಂಬರಿನಲ್ಲಿ ಟಾಟಾ ಟಿಯಾಗೊ ಇವಿ, 2023ರ ಏಪ್ರಿಲಿನಲ್ಲಿ ಎಂಜಿ ಕಾಮೆಟ್ ಬಿಡುಗಡೆಯಾದ ಮೇಲೆ. ಇಂಥ ಕಾರಿನಲ್ಲಿ ಆಯ್ಕೆಗಳು ನಾಲ್ಕಾರೇ ಆದರೂ ಬ್ಯಾಟರಿ ಮತ್ತು ಚಾರ್ಜರಿನ ಆಯ್ಕೆಯನ್ನು ಮುಂದೆ ಬದಲಿಸಲಾಗದು. ರಿಯಾಯಿತಿಗಳು ಕೇಳಲು ಹಲವಾರು ಇದ್ದರೂ ಪ್ರತಿಯೊಂದಕ್ಕೂ ಬೇರೆ ಷರತ್ತು, ಬೇರೆ ಗಡುವು, ಬೇರೆ ಕೊಡುವವರು. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕಾಗುತ್ತದೆ.

ಟಿಯಾಗೊ ಇವಿಯ ಮೊದಲ ಬೆಲೆಪಟ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 19.2 ಮತ್ತು 24 ಕಿಲೋವ್ಯಾಟ್ ಅವರ್‌ನ ಎರಡು ಬ್ಯಾಟರಿ, 3.3 ಮತ್ತು 7.2 ಕಿಲೋವ್ಯಾಟಿನ ಎರಡು ಚಾರ್ಜರ್, ನಾಲ್ಕು ದರ್ಜೆಗಳಿದ್ದವು. ಆದರೆ ಬೇಕಾದದ್ದನ್ನು ಬೇಕಾದದ್ದರ ಜೊತೆ ಕೂಡಿಸಿಕೊಳ್ಳುವಂತಿರಲಿಲ್ಲ. ಕೆಳಗಿನ ದರ್ಜೆಯಾದ ಎಕ್ಸ್‌ಇಗೆ ಚಿಕ್ಕ ಬ್ಯಾಟರಿ ಮಾತ್ರ; ಎಕ್ಸ್‌ಟಿಗೆ ಎರಡರಲ್ಲೊಂದು; ಎಕ್ಸ್‌ಝಡ್ ಪ್ಲಸ್ ಮತ್ತು ಅದರ ಮೇಲಿನದಕ್ಕೆ ದೊಡ್ಡ ಬ್ಯಾಟರಿ ಮಾತ್ರ. 7.2 ಕಿಲೋವ್ಯಾಟ್ ಚಾರ್ಜರ್ ಬೇಕೆಂದರೆ ಮೇಲಿನ ಈ ಎರಡು ದರ್ಜೆಗಳಿಗೇ ಹೋಗಬೇಕಿತ್ತು. ಅದಕ್ಕೆ ಮತ್ತೆ 50,000 ರೂಪಾಯಿ. ಎಕ್ಸ್-ಶೋರೂಂ ಬೆಲೆ 8.49 ಲಕ್ಷದಿಂದ ಆರಂಭವಾಗಿ 11.79 ಲಕ್ಷಕ್ಕೆ ಮುಗಿಯುತ್ತಿತ್ತು. ಜಾಹೀರಾತಿನಲ್ಲಿ ಕಾಣುವುದು ಮೊದಲ ಅಂಕಿ. ದೊಡ್ಡ ಬ್ಯಾಟರಿ ಬೇಕೆನ್ನುವವರಿಗೆ ಪಟ್ಟಿ ನಿಜವಾಗಿ ಶುರುವಾಗುತ್ತಿದ್ದುದು 9.99 ಲಕ್ಷದಿಂದ.

ಬ್ಯಾಟರಿಯನ್ನು ಆರಿಸಲು ಕಂಪನಿ ಹೇಳುವ ಕಿಲೋಮೀಟರು ಸಾಲದು. ಎರಡು ಬ್ಯಾಟರಿಗಳಿಗೆ ಘೋಷಿಸಿದ್ದ 250 ಮತ್ತು 315 ಕಿ.ಮೀ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಬಂದ ಅಂಕಿಗಳು. ಎ.ಸಿ. ಹಾಕಿಕೊಂಡು ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಓಡಿಸಿದಾಗ ದೊಡ್ಡ ಬ್ಯಾಟರಿ ಕೊಡುವುದು ಸುಮಾರು 200 ಕಿ.ಮೀ. ಎಂಬುದು ಈ ಅಂಕಣಕಾರರ ಮನೆಯ ಅನುಭವ. ದಿನದ ಓಡಾಟ 30 ಕಿ.ಮೀ. ಇರುವ ಮನೆಗೆ ಚಿಕ್ಕ ಬ್ಯಾಟರಿಯೂ ಧಾರಾಳವಾಗಿ ಸಾಕು. ದೊಡ್ಡದು ಬೇಕಾಗುವುದು ವಾರಕ್ಕೋ ತಿಂಗಳಿಗೋ ಊರಿಗೆ ಹೋಗುವವರಿಗೆ. ಬೆಂಗಳೂರಿನಿಂದ ಮೈಸೂರು ಸುಮಾರು 145 ಕಿ.ಮೀ.; ಒಂದೇ ಚಾರ್ಜಿನಲ್ಲಿ ನೆಮ್ಮದಿಯಿಂದ ತಲುಪಬಹುದು, ಆದರೆ ಹಿಂದಿರುಗುವ ಮುನ್ನ ಮತ್ತೆ ಚಾರ್ಜ್ ಮಾಡಲೇಬೇಕು. ದಾರಿಯಲ್ಲಿ ಫಾಸ್ಟ್ ಚಾರ್ಜರಿಗೆ ಹಾಕುವ ಸೌಲಭ್ಯ ಇದೆಯೇ ಎಂಬುದು ಆಗ ಬ್ಯಾಟರಿಯ ಗಾತ್ರದಷ್ಟೇ ಮುಖ್ಯವಾಗುತ್ತದೆ. ಟಿಯಾಗೊದಲ್ಲಿ ಅದು ಇತ್ತು. ಬಿಡುಗಡೆಯಾದಾಗ ಕಾಮೆಟ್‌ನಲ್ಲಿ ಇರಲಿಲ್ಲ, 17.3 ಕಿಲೋವ್ಯಾಟ್ ಅವರ್ ಬ್ಯಾಟರಿಯನ್ನು 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ತುಂಬಿಸಲು ಸುಮಾರು ಏಳು ಗಂಟೆ ಬೇಕಿತ್ತು. ಅದು ಊರೊಳಗಿನ ಕಾರು.

ಮನೆಯಲ್ಲಿ ಹಾಕುವ ಚಾರ್ಜರಿನ ವಿಷಯದಲ್ಲಿ ಕಾರಿನ ಜೊತೆಗೆ ಮನೆಯ ವಿದ್ಯುತ್ ಸಂಪರ್ಕದ ಲೆಕ್ಕವೂ ಸೇರುತ್ತದೆ. 3.3 ಕಿಲೋವ್ಯಾಟ್ ಚಾರ್ಜರಿಗೆ ಸರಿಯಾಗಿ ಅರ್ಥಿಂಗ್ ಮಾಡಿದ 15 ಆಂಪಿಯರ್ ಪಾಯಿಂಟ್ ಸಾಕು. ರಾತ್ರಿ ಹಚ್ಚಿದರೆ ಬೆಳಗ್ಗೆ ಕಾರು ಸಿದ್ಧ. 7.2 ಕಿಲೋವ್ಯಾಟಿನದಕ್ಕೆ ಗೋಡೆಗೆ ಪ್ರತ್ಯೇಕ ಪೆಟ್ಟಿಗೆ, ದಪ್ಪ ಕೇಬಲ್ ಬೇಕು. ಮೂರೋ ಐದೋ ಕಿಲೋವ್ಯಾಟ್ ಮಂಜೂರಾಗಿರುವ ಮನೆಯಾದರೆ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಬೇಕು. ಹೆಚ್ಚಿಸಿದ ಪ್ರತಿ ಕಿಲೋವ್ಯಾಟಿಗೂ ತಿಂಗಳ ಬಿಲ್ಲಿನಲ್ಲಿ ನಿಗದಿತ ಶುಲ್ಕ ಏರುತ್ತದೆ. ಅಪಾರ್ಟ್‌ಮೆಂಟ್ ಆದರೆ ಇದರ ಮೇಲೆ ಸಂಘದ ಒಪ್ಪಿಗೆ, ನೆಲಮಾಳಿಗೆಯ ತನಕ ವೈರಿಂಗ್, ಯೂನಿಟ್ ಯಾರ ಮೀಟರಿನಲ್ಲಿ ಓಡಬೇಕು ಎಂಬ ತೀರ್ಮಾನ. ಇವೆಲ್ಲ ಇತ್ಯರ್ಥವಾದ ಮೇಲೆ ಬುಕ್ ಮಾಡುವುದು ಕ್ಷೇಮ. ಪಾರ್ಕಿಂಗ್ ಜಾಗಕ್ಕೆ ಕರೆಂಟು ಬರದಿದ್ದರೆ ಯಾವ ರಿಯಾಯಿತಿಯೂ ಆ ಕೊರತೆಯನ್ನು ತುಂಬುವುದಿಲ್ಲ.

ಇನ್ನು ಬುಕಿಂಗ್. ಟಿಯಾಗೊಗೆ 2022ರ ಅಕ್ಟೋಬರ್ 10ರಂದು 21,000 ರೂಪಾಯಿ ಮುಂಗಡದೊಂದಿಗೆ ಬುಕಿಂಗ್ ತೆರೆಯಿತು. ಕಾರು ಕೈಗೆ ಕೊಡುವುದು 2023ರ ಜನವರಿಯಿಂದ ಎಂದಿತ್ತು. ಆರಂಭಿಕ ಬೆಲೆ ಮೊದಲ 10,000 ಮಂದಿಗೆ ಮಾತ್ರ ಎಂದು ಹೇಳಲಾಗಿತ್ತು. ಅವು ಮೊದಲ ದಿನವೇ ತುಂಬಿದ್ದರಿಂದ ಇನ್ನೂ 10,000 ಮಂದಿಗೆ ಅದನ್ನು ವಿಸ್ತರಿಸಲಾಯಿತು. ಇಂಥ ವಿಶೇಷ ಘೋಷಣೆ ಇಲ್ಲದಿದ್ದರೆ ಕಾರಿನ ವ್ಯಾಪಾರದಲ್ಲಿ ಅನ್ವಯವಾಗುವುದು ಸಾಮಾನ್ಯವಾಗಿ ಡೆಲಿವರಿ ದಿನದ ಬೆಲೆ, ಬುಕಿಂಗ್ ದಿನದ್ದಲ್ಲ. ಬುಕಿಂಗ್ ರಸೀದಿಯಲ್ಲಿ ನೋಡಬೇಕಾದ ಮೊದಲ ಸಾಲು ಅದೇ. ಎರಡನೆಯದು, ಬುಕಿಂಗ್ ರದ್ದು ಮಾಡಿದರೆ ಮುಂಗಡದಲ್ಲಿ ಎಷ್ಟು ಹಿಂದೆ ಬರುತ್ತದೆ ಎಂಬುದು. ಬೇಕಾದ ಬಣ್ಣಕ್ಕೋ ದರ್ಜೆಗೋ ಕಾಯುವಷ್ಟು ಕಾಲ ರಿಯಾಯಿತಿಗಳ ಗಡುವು ಕಾಯುವುದಿಲ್ಲ.

ರಿಯಾಯಿತಿಗಳಲ್ಲಿ ಮೊದಲನೆಯದು ಬೆಲೆಯೊಳಗೇ ಅಡಗಿರುವ ಜಿಎಸ್‌ಟಿ. 2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನಗಳ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಇದಕ್ಕೆ ಅರ್ಜಿಯಿಲ್ಲ, ಕಾಯುವಿಕೆಯಿಲ್ಲ. ಎಕ್ಸ್-ಶೋರೂಂ ಬೆಲೆಯಲ್ಲಿ ಅದು ಸೇರಿಯೇ ಇರುತ್ತದೆ. ಹಾಗಾಗಿ ಅದನ್ನು ಉಳಿತಾಯವೆಂದು ಮತ್ತೊಮ್ಮೆ ಎಣಿಸುವಂತಿಲ್ಲ.

ಎರಡನೆಯದು, ಎಲ್ಲಕ್ಕಿಂತ ದೊಡ್ಡದು, ರಾಜ್ಯದ ರಸ್ತೆ ತೆರಿಗೆ. ಕರ್ನಾಟಕ 2016ರಲ್ಲಿ ವಿದ್ಯುತ್ ವಾಹನಗಳಿಗೆ ಈ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. 2024ರ ತಿದ್ದುಪಡಿ 25 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ವಿದ್ಯುತ್ ಕಾರುಗಳ ಮೇಲೆ ಶೇ. 10ರ ಜೀವಾವಧಿ ತೆರಿಗೆ ಹಾಕಿತು. ಚಿಕ್ಕ ಕಾರುಗಳನ್ನು ಮುಟ್ಟಲಿಲ್ಲ. ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಶೇ. 14ರ ತೆರಿಗೆ, ಆ ತೆರಿಗೆಯ ಮೇಲೆ ಶೇ. 11ರ ಸೆಸ್ ಬೀಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಮೊತ್ತವಾಗಿರಲಿಲ್ಲ. ಆದರೆ ಶೋರೂಮಿನಲ್ಲಿ ಉಳಿತಾಯವನ್ನು ವಿದ್ಯುತ್ ಕಾರಿನ ಬೆಲೆಯ ಮೇಲೆ ಲೆಕ್ಕ ಹಾಕಿ ತೋರಿಸುವುದುಂಟು. ಸರಿಯಾದ ಲೆಕ್ಕಕ್ಕೆ ಹಿಡಿಯಬೇಕಾದದ್ದು ಇದರ ಬದಲು ಕೊಳ್ಳಬಹುದಾಗಿದ್ದ ಪೆಟ್ರೋಲ್ ಕಾರಿನ ಬೆಲೆ. ಅದು ಏಳು ಲಕ್ಷವಾದರೆ ಉಳಿದ ತೆರಿಗೆ ಸುಮಾರು 1.09 ಲಕ್ಷ.

ಮೂರನೆಯದು ಆದಾಯ ತೆರಿಗೆಯ 80ಇಇಬಿ ಸೆಕ್ಷನ್. ವಿದ್ಯುತ್ ವಾಹನಕ್ಕೆ ಮಾಡಿದ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 1.5 ಲಕ್ಷದವರೆಗೆ ಆದಾಯದಿಂದ ಕಳೆಯಲು ಇದು ಅವಕಾಶ ಕೊಟ್ಟಿತು. ಷರತ್ತುಗಳು ಬಿಗಿ: ಸಾಲ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾಗಿರಬೇಕು, ತೆರಿಗೆದಾರರು ಹಳೆಯ ಪದ್ಧತಿಯಲ್ಲಿರಬೇಕು. ನಗದು ಕೊಟ್ಟು ಕೊಂಡವರಿಗೆ ಏನೂ ಇಲ್ಲ. 1.5 ಲಕ್ಷ ಎಂಬುದು ದೊಡ್ಡದಾಗಿ ಕೇಳುತ್ತದೆ. ಆದರೆ ಶೇ. 9ರ ಬಡ್ಡಿಗೆ ಐದು ವರ್ಷಕ್ಕೆ ಮಾಡಿದ ಆರು ಲಕ್ಷದ ಸಾಲಕ್ಕೆ ಐದೂ ವರ್ಷದ ಒಟ್ಟು ಬಡ್ಡಿಯೇ ಸುಮಾರು 1.47 ಲಕ್ಷ, ಮೊದಲ ವರ್ಷದ್ದು ಸುಮಾರು 50,000. ಶೇ. 30ರ ಹಂತದಲ್ಲಿರುವವರಿಗೆ ಮೊದಲ ವರ್ಷ ಉಳಿಯುವುದು 15,600 ರೂಪಾಯಿ, ಶೇ. 20ರವರಿಗೆ 10,400. ಮುಂದಿನ ವರ್ಷಗಳಲ್ಲಿ ಬಡ್ಡಿ ಇಳಿದಂತೆ ಇದೂ ಇಳಿಯುತ್ತದೆ. ಇದೊಂದಕ್ಕಾಗಿ ಇರುವ ಹಣವನ್ನು ಇಟ್ಟುಕೊಂಡು ಸಾಲ ಮಾಡಿದವರಿಗೆ ಕಟ್ಟಿದ ಬಡ್ಡಿ ಉಳಿಸಿದ ತೆರಿಗೆಯ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ.

ಉಳಿದವು ಚಿಲ್ಲರೆ. ಕೇಂದ್ರ ಸರ್ಕಾರ 2021ರ ಆಗಸ್ಟಿನಲ್ಲಿ ನೋಂದಣಿ ಶುಲ್ಕ ತೆಗೆದುಹಾಕಿತು. ಅದರಿಂದ ಉಳಿತಾಯವಾದದ್ದು 600 ರೂಪಾಯಿ. 2022ರಲ್ಲಿ ಥರ್ಡ್ ಪಾರ್ಟಿ ವಿಮೆಯ ಕಂತಿಗೆ ಶೇ. 15 ರಿಯಾಯಿತಿ ಬಂತು: 1,000ದಿಂದ 1,500 ಸಿಸಿಯ ಪೆಟ್ರೋಲ್ ಕಾರಿಗೆ 3,416 ರೂಪಾಯಿ ಇದ್ದದ್ದು 30ರಿಂದ 65 ಕಿಲೋವ್ಯಾಟಿನ ವಿದ್ಯುತ್ ಕಾರಿಗೆ 2,904. ಕಾರಿನ ಬೆಲೆಯನ್ನು ಆಧರಿಸಿದ ಸ್ವಂತ ಹಾನಿಯ ವಿಮೆ ಮಾತ್ರ ದುಬಾರಿ ಕಾರಿಗೆ ದುಬಾರಿಯೇ. ವಿಮೆಯನ್ನು ಡೀಲರ್ ಮೂಲಕವೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನ ಕೊಟೇಶನ್ ತಂದು ತೋರಿಸಿದರೆ ಒಳಗಿನದು ಇಳಿಯುವುದೂ ಉಂಟು.

ಬಹಳ ಜನ ನಂಬಿದ್ದ ಕೇಂದ್ರದ ಫೇಮ್-2 ಸಬ್ಸಿಡಿ ಮನೆಬಳಕೆಯ ಕಾರಿಗೆ ಇರಲೇ ಇಲ್ಲ. 2019ರಿಂದ 2024ರ ಮಾರ್ಚ್‌ವರೆಗೆ ನಡೆದ ಆ ಯೋಜನೆ ಕಾರುಗಳಲ್ಲಿ ನೆರವಾದದ್ದು ಟ್ಯಾಕ್ಸಿಯಂಥ ವಾಣಿಜ್ಯ ಬಳಕೆಗೆ ಮಾತ್ರ.

ದರ್ಜೆ ಆರಿಸುವಾಗ ಹತ್ತು ಲಕ್ಷದ ಗೆರೆಯನ್ನೂ ಗಮನಿಸಬೇಕು. ಅದನ್ನು ದಾಟಿದ ಕಾರಿಗೆ ಡೀಲರ್ ಪೂರ್ತಿ ಬೆಲೆಯ ಮೇಲೆ ಶೇ. 1 ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ವಸೂಲಿ ಮಾಡುತ್ತಾರೆ. ಅಂಕಣಕಾರರ ಮನೆಗೆ ಆರಿಸಿದ್ದು ದೊಡ್ಡ ಬ್ಯಾಟರಿಯ ಎಕ್ಸ್‌ಟಿ. ಅದು 9.99 ಲಕ್ಷಕ್ಕೆ ಗೆರೆಯ ಈಚೆ ಉಳಿದಿತ್ತು, 10.79 ಲಕ್ಷದ ಎಕ್ಸ್‌ಝಡ್ ಪ್ಲಸ್ ಆಗಿದ್ದರೆ ಮತ್ತೆ 10,790 ರೂಪಾಯಿ ಕೊಡಬೇಕಿತ್ತು. ಈ ಹಣ ನಷ್ಟವಲ್ಲ. ಫಾರ್ಮ್ 26ಎಎಸ್‌ನಲ್ಲಿ ಕಾಣಿಸಿಕೊಂಡು, ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ಹೊಂದುತ್ತದೆ ಅಥವಾ ಮರಳುತ್ತದೆ. ಆದರೆ ಡೆಲಿವರಿ ದಿನ ಕೈಯಿಂದ ಹೋಗುವುದಂತೂ ನಿಜ.

ಇಷ್ಟನ್ನೂ ಒಂದೆಡೆ ಸೇರಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ವಿದ್ಯುತ್ ಕಾರು 9.99 ಲಕ್ಷ, ಪೆಟ್ರೋಲ್ ಕಾರು ಏಳು ಲಕ್ಷ, ಅಂತರ 2.99 ಲಕ್ಷ. ರಸ್ತೆ ತೆರಿಗೆ ಕಳೆದರೆ 1.9 ಲಕ್ಷ. ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 102 ರೂಪಾಯಿ ಇದ್ದಾಗ 15 ಕಿ.ಮೀ. ಮೈಲೇಜಿಗೆ ಕಿಲೋಮೀಟರಿಗೆ 6.80 ಬೀಳುತ್ತಿತ್ತು. ಚಾರ್ಜಿಂಗ್ ನಷ್ಟವನ್ನೂ ಸೇರಿಸಿ 200 ಕಿ.ಮೀ.ಗೆ 27 ಯೂನಿಟ್, ಯೂನಿಟ್ಟಿಗೆ ಏಳು ರೂಪಾಯಿ ಎಂದರೆ ವಿದ್ಯುತ್ತಿಗೆ ಹತ್ತಿರ ಹತ್ತಿರ ಒಂದು ರೂಪಾಯಿ. ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ ಉಳಿತಾಯ ಸುಮಾರು 58,000. ಅಂತರ ತೀರಲು ಮೂರು ವರ್ಷದ ಮೇಲೆ ಕೆಲವು ತಿಂಗಳು. 5,000 ಕಿ.ಮೀ. ಮಾತ್ರ ಓಡಿಸುವವರಿಗೆ ಆರೂವರೆ ವರ್ಷ. ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇರುವುದರಿಂದ ಎರಡೂ ಅದರೊಳಗೇ ಬರುತ್ತವೆ, ಆದರೆ ಎರಡನೆಯದರಲ್ಲಿ ಲಾಭಕ್ಕೆ ಉಳಿಯುವ ಕಾಲ ಕಡಿಮೆ.

ಆ ಬಳಿಕ ಲೆಕ್ಕದ ಅಂಕಿಗಳು ಬದಲಾಗಿವೆ. 2024ರ ಆರಂಭದಲ್ಲಿ ಟಿಯಾಗೊ ಇವಿ 7.99 ಲಕ್ಷಕ್ಕೆ ಇಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಮೆಟ್ 4.99 ಲಕ್ಷಕ್ಕೆ, ಬ್ಯಾಟರಿಗೆ ಕಿಲೋಮೀಟರಿಗೆ 2.50 ರೂಪಾಯಿ ಬಾಡಿಗೆಯ ಮೇಲೆ ಸಿಗತೊಡಗಿತು. ಬ್ಯಾಟರಿ ಸಮೇತ 6.99 ಲಕ್ಷ ಇದ್ದುದರಿಂದ 80,000 ಕಿ.ಮೀ. ಓಡುವ ಹೊತ್ತಿಗೆ ಬಾಡಿಗೆ ಆ ಎರಡು ಲಕ್ಷದ ವ್ಯತ್ಯಾಸಕ್ಕೆ ಸಮವಾಗುತ್ತದೆ. 80ಇಇಬಿ ಹೊಸ ಸಾಲಗಳಿಗೆ ಮುಚ್ಚಿದೆ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದು, ಶೇ. 5ರಲ್ಲೇ ಇರುವ ವಿದ್ಯುತ್ ಕಾರಿನ ಅನುಕೂಲ ಕಿರಿದಾಗಿದೆ. ಹೀಗಾಗಿ ಹಳೆಯ ಕೊಟೇಶನ್ ಯಾರಿಗೂ ದಾರಿ ತೋರದು. ನೋಂದಣಿಯ ದಿನ ಜಾರಿಯಲ್ಲಿರುವ ತೆರಿಗೆ, ತಮ್ಮ ವರ್ಷದ ಓಡಾಟ ಮತ್ತು ಬದಲಿ ಕಾರಿನ ಬೆಲೆ, ಈ ಮೂರನ್ನು ಹೊಸದಾಗಿ ಕೂಡಿಸಿ ನೋಡಿದ ಮೇಲೆಯೇ ಮುಂಗಡ ಕಟ್ಟಬೇಕು.